ಬದುಕಿ ಬಂದವನಿಗೆ ಕಲ್ಲಿಲ್ಲ



ಇವತ್ತು ಡಿಸೆಂಬರ್ 16, ವಿಜಯ ದಿವಸ. ಬೆಳಗ್ಗೆಯಿಂದ ನೀವು ಯಾವ ಚಾನೆಲ್ ಹಾಕಿದ್ರೂ ಒಂದು ಫೋಟೋ ಕಂಡಿರುತ್ತೆ. 1971, ಢಾಕಾ. ಮೇಜಿನ ಮುಂದೆ ಇಬ್ಬರು ಜನರಲ್‌ಗಳು ಕೂತಿದ್ದಾರೆ. ಪಾಕಿಸ್ತಾನದ ನಿಯಾಜಿ ಸಹಿ ಹಾಕ್ತಿದ್ದಾರೆ, ನಮ್ಮ ಜಗಜಿತ್ ಸಿಂಗ್ ಅರೋರಾ ನೋಡ್ತಿದ್ದಾರೆ. ಸುಮಾರು 93 ಸಾವಿರ ಮಂದಿ ಶರಣಾದ ಯುದ್ಧ ಅದು. ಆ ಫೋಟೋ ಇನ್ನೂ ನೂರು ವರ್ಷ ಇರುತ್ತೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ.

ನನ್ನ ಚಿಂತೆ ಬೇರೆ. ಆ ಯುದ್ಧಕ್ಕೆ ಮದ್ದುಗುಂಡು ಹೊತ್ತ ಲಾರಿಯ ಡ್ರೈವರ್, ಸೇತುವೆ ಕಟ್ಟಿದ ಸ್ಯಾಪರ್, ತಂತಿ ಎಳೆದ ಸಿಗ್ನಲ್‌ನವನು, ಅಡುಗೆ ಭಟ್ಟ, ಗಾಯಕ್ಕೆ ಪಟ್ಟಿ ಕಟ್ಟಿದವನು. ಅವತ್ತು ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತೈದರ ಆಸುಪಾಸು. 1965ರವರಿಗೆ ಎಂಬತ್ತು ಬಂತು. 1962ರಲ್ಲಿ ಚೀನಾ ಗಡಿಯಲ್ಲಿ ನಿಂತವರನ್ನು ಹುಡುಕೋಕೆ ಹೋದ್ರೆ ಊರಿಗೊಬ್ಬರು ಸಿಕ್ಕರೆ ಪುಣ್ಯ. ಇವರ ಹತ್ತಿರ ಇರೋದು ಬರೀ ನೆನಪು, ಅದೂ ಬಾಯಲ್ಲೇ. ಅದನ್ನು ಯಾರೂ ಇನ್ನೂ ಬರೆದುಕೊಂಡಿಲ್ಲ. ಇವತ್ತಿನ ಮಾತು ಅದರ ಬಗ್ಗೆ, ಮತ್ತು ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಅರೇಹಳ್ಳಿಯಿಂದ. ಅರೇಹಳ್ಳಿ ಅಂದ ಕೂಡಲೇ ಕಾಡಾನೆ ಬಂತಾ ಅಂತ ಕೇಳಬೇಡಿ. ಆನೆ ಅಲ್ಲಿ ದಿನಾ ಬರುತ್ತೆ, ಅದು ಇನ್ನೊಂದು ದಿನದ ಸುದ್ದಿ.

ಈ ಸೀಮೆಯನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಯೋಧನ ಕಥೆಯನ್ನು ಚಿತ್ರ ಮತ್ತು ಮಾತು ಎರಡರಲ್ಲೂ ಉಳಿಸೋ ಕೆಲಸ ಇಲ್ಲಿಗೆ ಹೊಸದಲ್ಲ. ಬೇಲೂರು, ಹಳೇಬೀಡು, ಅರಸೀಕೆರೆ ಕಡೆ ಹೋದವರಿಗೆ ಗೊತ್ತು, ಕೆರೆ ಏರಿ ಮೇಲೆ, ಊರ ಬಾಗಿಲಲ್ಲಿ, ಗುಡಿ ಪಕ್ಕದಲ್ಲಿ ವೀರಗಲ್ಲು ನಿಂತಿರುತ್ತೆ. ಕೆಲವು ಕಡೆ ಅದಕ್ಕೆ ಎಣ್ಣೆ, ಅರಿಶಿನ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೀತಾರೆ. ಹತ್ತಿರ ಹೋಗಿ ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತೆ. ಕೆಳಗಡೆ ಕಾಳಗ: ಕತ್ತಿ, ಬಿಲ್ಲು, ಕುದುರೆ, ಬಿದ್ದವರು. ನಡುವೆ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ತಿರ್ತಾರೆ. ಮೇಲ್ಗಡೆ ಅವನು ಶಿವಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ಪಟ್ಟಿಗಳ ನಡುವೆ ಬರಹ: ಯಾರ ಆಳ್ವಿಕೆ, ಯಾವ ಊರು, ಯಾರ ಮಗ, ಯಾತಕ್ಕೆ ಸತ್ತ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವಿಶುವಲ್ಲೂ ಇದೆ, ವಾಯ್ಸ್ ಓವರೂ ಇದೆ. ದನ ಹಿಡಿದುಕೊಂಡು ಹೋಗೋಕೆ ಬಂದವರ ಜೊತೆ ಹೊಡೆದಾಡಿ ಸತ್ತ ಹಳ್ಳಿಗನಿಗೂ ಇಂಥ ಕಲ್ಲು ನೆಟ್ಟಿದ್ದಾರೆ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಒಂದು ಕಲ್ಲು ಪತ್ತೆಯಾಯ್ತು. ಕ್ರಿಸ್ತಶಕ 750ರ ಸುಮಾರಿನದು. ಗಂಗರ ಶ್ರೀಪುರುಷನ ಕಾಲ. ಅದರಲ್ಲಿರೋದು ಕಿತ್ತಯ್ಯ ಅನ್ನೋ ಒಬ್ಬ ವೀರನ ಹೆಸರು. ಅವನು ರಾಜನೂ ಅಲ್ಲ, ರಾಜನ ಮಗನೂ ಅಲ್ಲ. ಮೇಲ್ಸೇತುವೆ, ಟ್ರಾಫಿಕ್, ಐಟಿ ಕಂಪನಿ ಎಲ್ಲದರ ನಡುವೆ ಅವನ ಹೆಸರು 1,250 ವರ್ಷ ಮಣ್ಣಲ್ಲಿ ಕಾದುಕೊಂಡಿತ್ತು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡ್ತಿದ್ದಾರೆ.

ಇನ್ನು ಹಳೇಬೀಡು. ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದವರು ಗೋಡೆಯ ಶಿಲ್ಪ ನೋಡ್ತಾರೆ, ನಂದಿ ಮುಂದೆ ಸೆಲ್ಫಿ ತಗೊಳ್ತಾರೆ. ಅದೇ ಆವರಣದ ಗರುಡಗಂಬದ ಹತ್ತಿರ ಒಂದು ನಿಮಿಷ ನಿಲ್ಲಿ. ಅದು ಇಮ್ಮಡಿ ವೀರಬಲ್ಲಾಳನ ಮಂತ್ರಿ, ಅಂಗರಕ್ಷಕ ಕುವರ ಲಕ್ಷ್ಮನ ಕಂಬ. 1220ರಲ್ಲಿ ದೊರೆ ತೀರಿಕೊಂಡಾಗ, ಕೊಟ್ಟ ಮಾತಿನಂತೆ ಲಕ್ಷ್ಮನೂ ಅವನ ಹೆಂಡತಿಯೂ ಜೊತೆಗಾರರೂ ಪ್ರಾಣ ಬಿಟ್ಟರು. ಕತ್ತಿಯಿಂದ ತಮ್ಮನ್ನು ತಾವೇ ಕಡಿದುಕೊಳ್ತಿರೋ ಆಳುಗಳ ಚಿತ್ರ ಆ ಕಂಬದ ಮೇಲಿದೆ. ಜೊತೆಗೆ ಕನ್ನಡ ಶಾಸನ. ನನಗೆ ಅದನ್ನು ನೋಡಿದಾಗ ಹೆಮ್ಮೆಗಿಂತ ಜಾಸ್ತಿ ಆಗೋದು ಸಂಕಟ. ಆದ್ರೆ ದಾಖಲೆ ಅಂದ್ರೆ ದಾಖಲೆ.

ಗಮನಿಸಿದ್ರಾ? ಈ ಕಲ್ಲುಗಳಿಗೆಲ್ಲ ಒಂದು ಷರತ್ತಿದೆ. ಸಾಯಬೇಕು. ಕಾಳಗದಲ್ಲಿ ಬಿದ್ದವನಿಗೆ ಕಲ್ಲು. ಅದೇ ಕಾಳಗದಲ್ಲಿ ಪಕ್ಕದಲ್ಲೇ ನಿಂತು, ಗೆಳೆಯ ಬೀಳೋದನ್ನು ಕಣ್ಣಾರೆ ಕಂಡು, ಮನೆಗೆ ನಡೆದು ಬಂದು, ಮತ್ತೆ ನೇಗಿಲು ಹಿಡಿದವನಿಗೆ ಏನೂ ಇಲ್ಲ.

ಹುಡುಕಿದ್ರೆ ಒಂದು ಅಪವಾದ ಸಿಗುತ್ತೆ, ಅದು ನನಗೆ ಬಹಳ ಇಷ್ಟ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949–50. ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳರ ರಾಜಾದಿತ್ಯನನ್ನು ಸೋಲಿಸಿದ್ರು. ಆ ಯುದ್ಧದಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಹೋರಾಡಿದ. ಸಾಯಲಿಲ್ಲ. ಅರಸ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನ! ಆಮೇಲೆ ಆ ಕಾಳಿ ಒಂದು ಹಂದಿಯ ಜೊತೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲು ನೆಟ್ಟಿದ್ದು ಆ ನಾಯಿಗೆ. ನಾಯಿಯ ನೆಪದಲ್ಲಿ ಬದುಕಿದ್ದ ಯೋಧನ ಕಥೆಯೂ ಬಂತು. ಒಬ್ಬ ಸೈನಿಕ ಯುದ್ಧ ಮುಗಿಸಿ ಬಂದ ಮೇಲೆ ಅವನಿಗೆ ಏನು ಬೇಕು ಅನ್ನಿಸಿತ್ತು ಅನ್ನೋದು ಸಾವಿರ ವರ್ಷದ ಆಚೆಯಿಂದ ನಮಗೆ ಗೊತ್ತಾಗ್ತಿರೋದು ಅದೊಂದು ಕಲ್ಲಿನಿಂದ. ಕೇಳಿದವರು ಒಬ್ಬರಿದ್ರು, ಅವನು ಕೊಟ್ಟ ಉತ್ತರವನ್ನು ಕೆತ್ತಿದವರು ಒಬ್ಬರಿದ್ರು.

ಸಾವಿರ ವರ್ಷ ಕಳೆದ್ರೂ ನಮ್ಮ ಷರತ್ತು ಬದಲಾಗಿಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದಾಗ ಅದರ ಗೋಡೆಗಳ ಮೇಲೆ 25,942 ಹೆಸರು ಇದ್ದವು. ಎಲ್ಲರೂ ಮಡಿದವರು. ಇರಲೇಬೇಕಾದ ಸ್ಮಾರಕ, ಎರಡು ಮಾತಿಲ್ಲ. 2023ರಲ್ಲಿ ‘ಮೇರಿ ಮಾಟಿ ಮೇರಾ ದೇಶ್’ ಅಂತ ಪಂಚಾಯಿತಿಗಳಲ್ಲಿ ಶಿಲಾಫಲಕ ಹಾಕಿಸಿದ್ರು. ಅದೂ ಮುಖ್ಯವಾಗಿ ಪ್ರಾಣ ಕೊಟ್ಟವರಿಗೆ. ನಮ್ಮ ಮಾಧ್ಯಮದ್ದೂ ಇದೇ ಲೆಕ್ಕ. ಸೈನಿಕನ ಹಳ್ಳಿಗೆ ಒ.ಬಿ. ವ್ಯಾನ್ ಹೋಗೋದು ಯಾವಾಗ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಬಂದ ದಿನ.

2016ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ಸಿಯಾಚಿನ್, ಸುಮಾರು 19,600 ಅಡಿ ಎತ್ತರದ ಸೋನಮ್ ಪೋಸ್ಟ್. ಫೆಬ್ರವರಿ 3ರಂದು ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್‌ನ 10 ಮಂದಿ ಹೂತುಹೋದರು. ಆರನೇ ದಿನ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಇಡೀ ದೇಶ ಟಿವಿ ಮುಂದೆ ಕೂತಿತ್ತು. 11ನೇ ತಾರೀಖು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಹತ್ತು ಜನರಲ್ಲಿ ನಮ್ಮ ಹಾಸನ ತಾಲ್ಲೂಕು ತೇಜೂರಿನ ಸುಬೇದಾರ್ ನಾಗೇಶ್ ಇದ್ರು, ಎಚ್.ಡಿ. ಕೋಟೆಯ ಮಹೇಶ್ ಇದ್ರು. ಈ ಹೆಸರುಗಳು ಉಳಿದಿವೆ, ಉಳಿಯಬೇಕು. ಹಿಮದಡಿ ಇದ್ದವರ ಜಾಗ ಪತ್ತೆ ಮಾಡಿದ ಡಾಟ್, ಮಿಷಾ ಅನ್ನೋ ನಾಯಿಗಳ ಹೆಸರೂ ಪೇಪರ್‌ನಲ್ಲಿ ಬಂತು, ಸಂತೋಷ. ಆದ್ರೆ ಅಷ್ಟು ಎತ್ತರದಲ್ಲಿ, ಉಸಿರು ಎಳೆದುಕೊಳ್ಳೋದೇ ಕಷ್ಟವಾದ ಕಡೆ, ಸಿಮೆಂಟಿನಂತೆ ಗಟ್ಟಿಯಾದ ಮಂಜನ್ನು ಹಗಲೂ ರಾತ್ರಿ ಕಡಿದವರು ನೂರೈವತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ಎಷ್ಟೋ ಜನ ಈಗ ನಿವೃತ್ತರಾಗಿ ಬ್ಯಾಂಕಿನ ಬಾಗಿಲಲ್ಲೋ ಅಪಾರ್ಟ್‌ಮೆಂಟಿನ ಗೇಟಲ್ಲೋ ಸೆಕ್ಯೂರಿಟಿ ಆಗಿರಬಹುದು. ಗೆಳೆಯನನ್ನು ಮಂಜಿನಿಂದ ಅಗೆದು ತೆಗೆದವನ ಕೈ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರಾ?

ಕೇಳದೇ ಹೋದ್ರೆ ಏನು ನಷ್ಟ ಅಂತ ಕೇಳೋರಿಗೆ ಕೊಡಗಿನ ಅಜ್ಜಮಾಡ ದೇವಯ್ಯನವರ ಉದಾಹರಣೆ ಸಾಕು. 1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳ ದಾಳಿ. ಸ್ಕ್ವಾಡ್ರನ್ ಲೀಡರ್ ದೇವಯ್ಯ ವಾಪಸ್ ಬರಲಿಲ್ಲ. ದಾಖಲೆಯಲ್ಲಿ ‘ಕಾಣೆ’. ಅಷ್ಟೇ. ಆಕಾಶದಲ್ಲಿ ಏನು ನಡೀತು ಅಂತ ಹೇಳೋಕೆ ನಮ್ಮ ಕಡೆ ಸಾಕ್ಷಿ ಇರಲಿಲ್ಲ. 1979ರಲ್ಲಿ ಬ್ರಿಟನ್ನಿನ ಲೇಖಕ ಜಾನ್ ಫ್ರಿಕರ್ ಆ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ತಂದ. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ, ಅವರ ಪೈಲಟ್‌ಗಳ ಮಾತು ಕೇಳಿ ಬರೆದ ಪುಸ್ತಕ. ಅದರಲ್ಲಿ ಅಮ್ಜದ್ ಹುಸೇನ್ ಅನ್ನೋ ಪೈಲಟ್‌ನ ಅನುಭವ ಇತ್ತು. ಅವನು ಹಾರಿಸ್ತಿದ್ದದ್ದು ಎಫ್-104 ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಅದನ್ನು ಎದುರಿಸಿದ್ದು ಹಳೇ ಮಿಸ್ಟೇರ್. ಏಟು ತಿಂದ ಮೇಲೂ ಆ ಮಿಸ್ಟೇರ್ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದುರುಳಿಸಿತ್ತು. ಆ ಮಿಸ್ಟೇರ್‌ನಲ್ಲಿದ್ದವರು ದೇವಯ್ಯ. 1988ರಲ್ಲಿ ಮಹಾವೀರ ಚಕ್ರ ಬಂತು, 23 ವರ್ಷ ತಡವಾಗಿ. 2025ರ ಜನವರಿಯಲ್ಲಿ ಹಿಂದಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂತಲ್ಲ, ಅದರ ಹಿಂದಿರೋದು ಇದೇ ಘಟನೆ. ಶತ್ರು ದೇಶದ ಒಬ್ಬ ಪೈಲಟ್ ಬದುಕಿದ್ದ, ಅವನನ್ನು ಒಬ್ಬರು ಕೂರಿಸಿ ಕೇಳಿದ್ರು. ಇಲ್ಲದಿದ್ರೆ ದೇವಯ್ಯ ಇವತ್ತಿಗೂ ‘ಕಾಣೆ’ಯೇ.

ಈಗ ಅರೇಹಳ್ಳಿಗೆ ಬರೋಣ.

ಕಳೆದ ತಿಂಗಳು ಆ ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಅರೇಬಿಕಾ ಹಣ್ಣಿನ ಕೊಯ್ಲು ಆಗತಾನೆ ಶುರುವಾಗಿತ್ತು. ಊರಲ್ಲಿ ‘ಮಿಲಿಟ್ರಿಯವ್ರ ಮನೆ’ ಅಂದ್ರೆ ಮಕ್ಕಳೂ ತೋರಿಸ್ತಾರೆ. ಹಿರಿಯರಿಗೆ 78 ವಯಸ್ಸು. ಹೆಸರು ಬೇಡ ಅಂದ್ರು, ಹಾಗಾಗಿ ಹೇಳಲ್ಲ. ಸೇನೆಯ ಸರ್ವಿಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದವರು, 1971ರಲ್ಲಿ ಪಶ್ಚಿಮದ ಗಡಿಯಲ್ಲಿದ್ದವರು. ಯುದ್ಧದ ಬಗ್ಗೆ ಕೇಳೋಕೆ ಬಂದಿದೀನಿ ಅಂದೆ.

“ನಾನೇನ್ ಯುದ್ಧ ಮಾಡ್ಲಿಲ್ಲ ಕಣಪ್ಪ. ಲಾರಿ ಓಡಿಸ್ದೆ, ಅಷ್ಟೇ. ಗುಂಡು ಹೊಡೆದೋರ್ನ ಕೇಳು ಹೋಗು.”

ಇದು ನಮ್ಮ ಜವಾನರ ಮೊದಲ ಉತ್ತರ. ಬಹುತೇಕರದ್ದು ಕೊನೆಯ ಉತ್ತರವೂ ಅದೇ, ಯಾಕಂದ್ರೆ ಕೇಳಿದವರು ಅಲ್ಲಿಗೇ ಎದ್ದು ಹೋಗ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡಿದೆ. ಅಜ್ಜ, ಭರ್ತಿಗೆ ಹೋದ ದಿನ ಏನಾಯ್ತು? ಎದೆ ಅಳತೆಗೆ ಸ್ವಲ್ಪ ಕಮ್ಮಿ ಬಂತಂತೆ. ಉಸಿರು ಹಿಡಿದು ಉಬ್ಬಿಸಿ ನಿಂತ್ರಂತೆ, ಅಳೆಯುವವನು ನಕ್ಕು ಬರೆದುಕೊಂಡನಂತೆ. ಬೆಂಗಳೂರಲ್ಲಿ ತರಬೇತಿ. ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿ ಎಷ್ಟು ಸಲ ಮೈದಾನ ಸುತ್ತಿದ್ರೋ. ಅಕ್ಕಿ ರೊಟ್ಟಿ, ಕಡುಬು ತಿಂದ ಬಾಯಿಗೆ ದಿನಾ ಚಪಾತಿ. ಆಮೇಲೆ ಶಕ್ತಿಮಾನ್ ಲಾರಿ. ಅದರ ಸ್ಟೇರಿಂಗ್ ಬಗ್ಗೆ ಹೇಳ್ತಾ ಕೈ ತಾನಾಗಿ ಗಾಳಿಯಲ್ಲಿ ತಿರುಗ್ತಿತ್ತು.

ರಾತ್ರಿ ಕಾನ್ವಾಯ್ ಹೇಗೆ ಹೋಗ್ತಿತ್ತು ಅಂತ ಕೇಳಿದೆ.

“ಹೆಡ್‌ಲೈಟ್ ಹಾಕಂಗಿಲ್ಲ. ಮುಂದ್ಗಡೆ ಲಾರಿ ಅಡೀಲಿ ಹಿಂದ್ಗಡೆ ಡಿಫರೆನ್ಶಿಯಲ್ ಇರ್ತದಲ್ಲ, ಅದಕ್ಕೆ ಬಿಳಿ ಬಣ್ಣ ಬಳ್ದಿರೋರು. ಅದ್ರ ಮೇಲೊಂದು ಮಿಣುಕು ದೀಪ. ಇಡೀ ರಾತ್ರಿ ಅದೊಂದನ್ನೇ ನೋಡ್ಕಂಡು ಓಡಿಸ್ಬೇಕು. ನಾನು ಅದನ್ನ ಬಿಟ್ನಾ, ನನ್ನ ಹಿಂದಿರೋ ಅಷ್ಟೂ ಲಾರಿ ದಾರಿ ತಪ್ದಂಗೆ.”

ಯುದ್ಧ ಮಾಡಲಿಲ್ಲ ಅಂದವರು ಇವರು! ಬೆನ್ನ ಹಿಂದೆ ಲಾರಿ ತುಂಬಾ ಮದ್ದುಗುಂಡು, ಕಣ್ಣ ಮುಂದೆ ಅಂಗೈಯಗಲ ಬಿಳಿ ಬಣ್ಣ. ಇದನ್ನು ಯಾವ ಜನರಲ್‌ನ ಆತ್ಮಕಥೆಯೂ ಹೇಳಲ್ಲ, ಯಾಕಂದ್ರೆ ಜನರಲ್ ಆ ಸೀಟಲ್ಲಿ ಕೂತಿರಲಿಲ್ಲ.

ಹೋಗ್ತಾ ಮದ್ದುಗುಂಡು, ವಾಪಸ್ ಬರ್ತಾ ಲಾರಿ ಖಾಲಿನಾ ಅಂತ ಕೇಳಿದೆ. ಅಜ್ಜ ನನ್ನ ಮುಖ ನೋಡಿದ್ರು. “ಖಾಲಿ ಎಲ್ಲಿ ಬತ್ತದೆ” ಅಂದ್ರು. ಎದ್ದು ಕಾಫಿ ಕಣಕ್ಕೆ ಹೋದ್ರು. ಹತ್ತು ನಿಮಿಷ ಹಣ್ಣು ಕೆದಕ್ತಾ ಇದ್ರು. ಆ ಹತ್ತು ನಿಮಿಷವೂ ರೆಕಾರ್ಡ್ ಆಗಿದೆ, ಕಣದ ಮೇಲೆ ಹಲಗೆ ಎಳೆಯೋ ಸದ್ದು ಮಾತ್ರ. ಅದನ್ನು ಕತ್ತರಿಸಬೇಡಿ ಅಂತ ನಮ್ಮ ಎಡಿಟರ್‌ಗೆ ಹೇಳಿದೀನಿ. ನಮ್ಮ ವೃತ್ತಿಯಲ್ಲಿ ಇಂಥ ಕಡೆ ಮೈಕು ಮುಂದಕ್ಕೆ ಚಾಚಿ ‘ಆಗ ನಿಮಗೆ ಏನನ್ನಿಸ್ತು’ ಅಂತ ಕೇಳೋ ಅಭ್ಯಾಸ ಇದೆ. ಸೈನಿಕರ ಸಂದರ್ಶನಕ್ಕೆ ಹೊರಡೋ ಯಾರೇ ಆಗಲಿ, ಆ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಅವರಾಗಿ ಹೇಳಿದ್ರೆ ಕೇಳಿ. ಹೇಳದಿದ್ರೆ, ಎಲ್ಲಿ ಹೇಳಲಿಲ್ಲ ಅನ್ನೋದೂ ದಾಖಲೆಯೇ.

ಅಷ್ಟೊತ್ತಿಗೆ ಅಜ್ಜಿ ಕಾಫಿ ತಂದ್ರು. ಅವರನ್ನೂ ಕೂರಿಸಿದೆ. ಯುದ್ಧಕ್ಕೆ ಹೋದವರ ಹೆಂಡತಿಯರನ್ನು ಕೇಳದ ದಾಖಲೆ ಅರ್ಧ ದಾಖಲೆ. ಕಾಶ್ಮೀರದ ಉರಿಯಲ್ಲಿ 2007ರಲ್ಲಿ ಮಡಿದ, ಅಶೋಕ ಚಕ್ರ ಪಡೆದ ಕರ್ನಲ್ ವಸಂತ್ ಅವರ ಪತ್ನಿ ಸುಭಾಷಿಣಿ ವಸಂತ್ ಬೆಂಗಳೂರಲ್ಲಿ ವಸಂತರತ್ನ ಪ್ರತಿಷ್ಠಾನ ಕಟ್ಟಿ ಸೈನಿಕರ ಕುಟುಂಬಗಳಿಗಾಗಿ ಕೆಲಸ ಮಾಡ್ತಾ ಬಂದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಆ ಹೆಣ್ಣುಮಕ್ಕಳ ಹತ್ತಿರ ಯಾರೂ ಹೋಗಿಲ್ಲ. ಈ ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ‘ಕೇರ್ ಆಫ್ 56 ಎ.ಪಿ.ಒ.’ ಅಂತ ಬರೆದ ಕಾಗದ ಬಂದ್ರೆ ಶಾಲೆ ಮೇಷ್ಟ್ರು ಓದಿ ಹೇಳ್ತಿದ್ರು. “ಮೇಷ್ಟ್ರು ಓದ್ತಾರೆ ಅಂತ ಇವ್ರಿಗೂ ಗೊತ್ತು. ಅದಕ್ಕೇ ಕಾಗದದ ತುಂಬಾ ಎಮ್ಮೆ ವಿಚಾರ. ಎಮ್ಮೆ ಹೆಂಗಿದೆ, ಕರು ಹೆಂಗಿದೆ. ನಾನು ಹೆಂಗಿದೀನಿ ಅಂತ ಒಂದ್ ಸಲಾನೂ ಇಲ್ಲ.” ಅಜ್ಜ ಕಣದಿಂದಲೇ ನಕ್ಕರು.

ಆಮೇಲೆ ಫೋಟೋ. ಸೈನಿಕರ ಫೋಟೋ ಅಂದ್ರೆ ನಮಗೆ ಗೊತ್ತಿರೋದು ಗೋಡೆ ಮೇಲಿನ ಸ್ಟುಡಿಯೋ ಫೋಟೋ: ಟೋಪಿ, ಮೀಸೆ, ಹಿಂದೆ ಬಣ್ಣದ ಪರದೆ. ಇಪ್ಪತ್ತು ವರ್ಷದ ಹುಡುಗ. ಅದರ ಪಕ್ಕದಲ್ಲಿ ಈಗಿನ ಮುಖದ ಚಿತ್ರ ಇರಬೇಕು ಅನ್ನೋದು ನನ್ನ ವಾದ. ಸುಕ್ಕು, ಹಲ್ಲಿಲ್ಲದ ನಗು, ಕಾಫಿ ಕಣ ಎಲ್ಲದರ ಸಮೇತ. ಸೊಸೆ ಹೋಗಿ ಹಾರ್ಲಿಕ್ಸ್ ಡಬ್ಬಿ ತಂದ್ರು. ಅದರಲ್ಲಿ ಗುಂಡಿ, ಸೂಜಿ, ದಾರ, ಅದರ ಅಡಿಯಲ್ಲಿ ಪದಕಗಳು. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಪದಕ, ಸ್ವಾತಂತ್ರ್ಯದ 25ನೇ ವರ್ಷದ ಪದಕ. ರಿಬ್ಬನ್ ಹುಳು ತಿಂದಿತ್ತು. ಪದಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು ಒತ್ತಿರ್ತಾರೆ, ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊಮ್ಮಗ ಮೊಬೈಲ್‌ನಲ್ಲಿ ಝೂಮ್ ಮಾಡಿ ಮೊದಲ ಮೂರು ಅಂಕಿ ಓದ್ತಿದ್ದ ಹಾಗೆ, ಅಜ್ಜ ಉಳಿದದ್ದನ್ನು ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ರು. ಹೆಂಡತಿ ಮಾತ್ರೆ ಹೆಸರು ಮರೀತಾರೆ, ಹುಟ್ಟಿದ ತಾರೀಖು ಸರಿಯಾಗಿ ಗೊತ್ತಿಲ್ಲ, ಆ ನಂಬರು ಮಾತ್ರ ಅಳಿಸಿಲ್ಲ.

ಅಧಿಕಾರಿಗಳ ವಿಷಯ ಬೇರೆ. ಅವರಿಗೆ ಇಂಗ್ಲಿಷ್ ಬರುತ್ತೆ, ಪುಸ್ತಕ ಬರುತ್ತೆ. ಇದೇ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧದಲ್ಲಿದ್ದವರು. ಸೇನೆ ಬಿಟ್ಟು ಬಂದು ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ಕೃಷಿ ಮಾಡಿ, ಆಮೇಲೆ ಏರ್ ಡೆಕ್ಕನ್ ಕಟ್ಟಿದ್ರು. ಅವರ ಕಥೆ ಪುಸ್ತಕವಾಯ್ತು, ತಮಿಳಿನಲ್ಲಿ ಸಿನಿಮಾಕ್ಕೂ ಪ್ರೇರಣೆಯಾಯ್ತು. 1962ರಲ್ಲಿ ಚೀನಾದ ಸೆರೆ ಸಿಕ್ಕ ಬ್ರಿಗೇಡಿಯರ್ ಜಾನ್ ದಳವಿ ಬರೆದ ‘ಹಿಮಾಲಯನ್ ಬ್ಲಂಡರ್’ ಅನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದಾಗ ನಮ್ಮ ಹಳ್ಳಿಯ ಬಸ್ ಸ್ಟಾಂಡ್‌ಗಳಲ್ಲೂ ಅದು ಕಾಣ್ತಿತ್ತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಲ್ಲಿ ವಸ್ತುಸಂಗ್ರಹಾಲಯವಾಯ್ತು. ಎಲ್ಲವೂ ಒಳ್ಳೆಯದೇ. ಆದ್ರೆ ದಳವಿಯವರ ಬ್ರಿಗೇಡ್‌ನಲ್ಲಿ ಹತ್ತಿ ಬಟ್ಟೆ ತೊಟ್ಟು ಹಿಮದಲ್ಲಿ ನಿಂತ ಸಿಪಾಯಿಯ ಬಾಯಿಂದ ಆ ಪುಸ್ತಕ ಬಂದಿದ್ರೆ ಅದು ಬೇರೆಯೇ ಪುಸ್ತಕ ಆಗ್ತಿತ್ತು.

ಸರ್ಕಾರ ಬರೆಯಲ್ವಾ ಅಂತ ಕೇಳಬಹುದು. 1962ರ ಸೋಲಿನ ಬಗ್ಗೆ ತನಿಖೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿ ಅರವತ್ತು ವರ್ಷ ಕಳೆದ್ರೂ ಸರ್ಕಾರದ ಬೀರುವಿನಲ್ಲೇ ಇದೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ಒಳ್ಳೆ ನೀತಿ ತಂತು: ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಬಹಿರಂಗ ಮಾಡಬೇಕು, ಯುದ್ಧ ಮುಗಿದ ಐದು ವರ್ಷದಲ್ಲಿ ಇತಿಹಾಸ ಬರೆಸಬೇಕು ಅಂತ. ಆದ್ರೆ ಆ ಕಡತಗಳಲ್ಲಿ ಇರೋದು ಯಾವ ತುಕಡಿ ಎಲ್ಲಿತ್ತು ಅನ್ನೋದು. ಎಮ್ಮೆ ವಿಚಾರ ಇರಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2000ದಿಂದ ಈ ಕೆಲಸ ಮಾಡ್ತಿದೆ. ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್ ಅಂತ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರ ಮಾತು, ಪತ್ರ, ಫೋಟೋ ಸೇರಿವೆ. ನಮ್ಮ ಪಿಯುಸಿ ಓದೋ ವಯಸ್ಸಿನ ಮಕ್ಕಳೂ ಹೋಗಿ ಸಂದರ್ಶನ ಮಾಡಿ ಕಳಿಸಬಹುದು. ಮಾತು ಕನಿಷ್ಠ ಅರ್ಧ ಗಂಟೆ ಇರಬೇಕು. ಇನ್ನೊಂದು ವಿಚಿತ್ರ ನೋಡಿ. ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಭಾರತೀಯ ಸಿಪಾಯಿಗಳ ದನಿಯನ್ನು ಜರ್ಮನಿಯ ಭಾಷಾತಜ್ಞರು ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್ ಶಿಬಿರದಲ್ಲಿ ರೆಕಾರ್ಡ್ ಮಾಡಿದ್ರು. ಅವರಿಗೆ ಬೇಕಿದ್ದದ್ದು ಉಚ್ಚಾರಣೆ, ಮನುಷ್ಯ ಅಲ್ಲ. ಆದ್ರೂ 1916ರ ಮಲ್ ಸಿಂಗ್ ಅನ್ನೋ ಸಿಪಾಯಿಯ ದನಿ ಇವತ್ತಿಗೂ ಕೇಳುತ್ತೆ. ಊರಲ್ಲಿ ತಿಂತಿದ್ದ ಬೆಣ್ಣೆಯ ಬಗ್ಗೆ ಮಾತಾಡ್ತಾನೆ, ಮನೆಗೆ ಹೋಗಬೇಕು ಅಂತಾನೆ. 1918ರಲ್ಲಿ ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆ ಇದೆ. ಆ ಸವಾರರು ಊರಿಗೆ ಬಂದು ಜಗಲಿ ಮೇಲೆ ಕೂತು ಹೇಳಿದ ಮಾತು ಜಗಲಿಯಲ್ಲೇ ಮುಗಿದುಹೋಯ್ತು.

ಒಂದು ಆಕ್ಷೇಪ ಬಂದೇ ಬರುತ್ತೆ, ಅದು ನ್ಯಾಯವಾದದ್ದೂ ಹೌದು. ಮಾಜಿ ಸೈನಿಕರಿಗೆ ಬೇಕಿರೋದು ಪಿಂಚಣಿ, ಆಸ್ಪತ್ರೆ, ಮಂಜೂರಾದ ಜಮೀನು; ನಿಮ್ಮ ಫೋಟೋ ತಗೊಂಡು ಏನು ಮಾಡ್ತಾರೆ? ಒಪ್ತೀನಿ. ಅದಕ್ಕೇ ಸಂದರ್ಶನ ಯುದ್ಧಕ್ಕೆ ನಿಲ್ಲಬಾರದು ಅಂತೀನಿ. ನಿವೃತ್ತಿ ಆದ ಮೇಲೆ ಏನಾಯ್ತು ಅಂತ ಕೇಳಿ. ಜಮೀನಿಗೆ ಅರ್ಜಿ ಹಾಕಿದ್ರಾ, ಎಷ್ಟು ಸಲ ಅಲೆದ್ರಿ, ಮೇಜಿನ ಆಚೆ ಕೂತವರು ನಿಲ್ಲಿಸಿ ಮಾತಾಡಿಸಿದ್ರಾ ಕೂರಿಸಿ ಮಾತಾಡಿಸಿದ್ರಾ. ಅದೂ ರೆಕಾರ್ಡ್ ಆಗಲಿ. ಆಗಸ್ಟ್ 15ಕ್ಕೆ ಶಾಲು ಹಾಕಿ ಕಳಿಸಿಬಿಡೋರು ಕೇಳಿಸಿಕೊಳ್ಳಬೇಕಾದ ಭಾಗ ಅದೇ. ದಯವಿಟ್ಟು ಹಿಂದೆ ಸಂಗೀತ ಹಾಕಬೇಡಿ.

ಮಾಡೋದು ಹೇಗೆ? ಕೋಟಿಗಟ್ಟಲೆ ದುಡ್ಡು ಬೇಡ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಗ್ರಂಥಾಲಯ ಇದೆ, ಈಗ ‘ಅರಿವು ಕೇಂದ್ರ’ ಅಂತ ಬೋರ್ಡ್ ಹಾಕಿದ್ದಾರೆ. ಕಾಲೇಜು ಮಕ್ಕಳು ಇದ್ದಾರೆ, ಅವರ ಕೈಯಲ್ಲಿ ನಮ್ಮ ಹಳೇ ಕ್ಯಾಮೆರಾಗಿಂತ ಒಳ್ಳೆ ಫೋನ್ ಇದೆ. ಯಾವ ಊರಲ್ಲಿ ಯಾರಿದ್ದಾರೆ ಅಂತ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಗೊತ್ತು. ಎಂಜಿನಿಯರಿಂಗ್ ಓದಿದವನಾಗಿ ಒಂದೆರಡು ಮಾತು ಸೇರಿಸ್ತೀನಿ. ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿ ‘ಸೇವ್ ಆಯ್ತು’ ಅಂದುಕೊಳ್ಳಬೇಡಿ. ಅದು ಫೈಲನ್ನು ಹಿಂಡಿ ಸಣ್ಣ ಮಾಡುತ್ತೆ, ಮುಖವೂ ಹೋಗುತ್ತೆ, ದನಿಯೂ ಹೋಗುತ್ತೆ. ಪೆನ್ ಡ್ರೈವ್ ನಂಬಬೇಡಿ. ಮೂಲ ಫೈಲ್ ಮೂರು ಕಡೆ ಇರಲಿ: ಒಂದು ಅವರ ಮನೆಯಲ್ಲಿ, ಒಂದು ಗ್ರಂಥಾಲಯದ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಊರಾಚೆ. ಫೈಲಿನ ಹೆಸರು ‘ವಿಡಿಯೋ 0047’ ಅಂತ ಬಿಡಬೇಡಿ. ಹೆಸರು, ಊರು, ದಳ, ಸೇರಿದ ವರ್ಷ, ರೆಕಾರ್ಡ್ ಮಾಡಿದ ತಾರೀಖು ಹಾಕಿ. ಹಾಳೆ ಮೇಲೂ ಬರೆದಿಡಿ. ಕಿತ್ತಯ್ಯನ ಕಲ್ಲಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬೇಕಿರಲಿಲ್ಲ, ಇದಕ್ಕೆ ಬೇಕು. ಹತ್ತು ವರ್ಷಕ್ಕೊಮ್ಮೆ ಯಾರಾದ್ರೂ ಹೊಸ ಡಿಸ್ಕ್‌ಗೆ ವರ್ಗಾಯಿಸಲೇಬೇಕು.

ಡಿಸ್ಚಾರ್ಜ್ ಬುಕ್ ನೋಡಿ ತಾರೀಖು ತಾಳೆ ಮಾಡಿಕೊಳ್ಳಿ. ಐವತ್ತು ವರ್ಷದ ನೆನಪು ಒಂದೆರಡು ವರ್ಷ ಆಚೀಚೆ ಆಗುತ್ತೆ. ಆದ್ರೆ ಅವರು ಹೇಳಿದ್ದನ್ನು ತಿದ್ದಬೇಡಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ. 1923ರ ಅಧಿಕೃತ ರಹಸ್ಯ ಕಾಯ್ದೆ ಇವತ್ತಿಗೂ ಇದೆ, ಇತ್ತೀಚೆಗೆ ನಿವೃತ್ತರಾದವರನ್ನು ಈಗಿನ ಪೋಸ್ಟು, ಈಗಿನ ಶಸ್ತ್ರದ ಬಗ್ಗೆ ಕೇಳಬೇಡಿ. ಚಳಿ, ಊಟ, ಕಾಗದ, ಗೆಳೆಯರು, ಭಯ, ಇವಕ್ಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ.

ಅರೇಹಳ್ಳಿ ಕಡೆಯ ಹುಡುಗರಿಗೆ ಬೇರೆಯಾಗಿ ಒಂದು ಮಾತು. ಈಗ ಕೊಯ್ಲಿನ ಕಾಲ, ಯಾರ ಮನೆಯಲ್ಲೂ ಬಿಡುವಿಲ್ಲ, ಆಳು ಸಿಗೋದೇ ಕಷ್ಟ. ಫೆಬ್ರವರಿ ಹೊತ್ತಿಗೆ ಕಣ ಖಾಲಿಯಾಗುತ್ತೆ. ಅಲ್ಲಿಂದ ಮೇ ಕೊನೆಯವರೆಗೆ ಮೂರು ತಿಂಗಳು ಚಿಲ್ಲರೆ ಇದೆ. ಅಷ್ಟರಲ್ಲಿ ಮುಗಿಸಿ. ಜೂನ್ ಬಂದ ಮೇಲೆ ನಿಮ್ಮ ಕಡೆ ಮಳೆ ಹೇಗೆ ಹೊಡೆಯುತ್ತೆ ಅಂತ ನಾನು ಹೇಳಬೇಕಾ? ಕರೆಂಟ್ ಇರಲ್ಲ, ತಗಡಿನ ಮೇಲೆ ಬೀಳೋ ಸದ್ದಿಗೆ ಮೈಕಿನಲ್ಲಿ ಬೇರೇನೂ ಕೇಳಲ್ಲ. ಆ ಚಳಿಯಲ್ಲಿ ಎಂಬತ್ತು ದಾಟಿದವರನ್ನು ಹೊರಗೆ ಕೂರಿಸೋಕೂ ಆಗಲ್ಲ.